ಕೊಸರು

ಮಂಡ್ಯ ಕೋರ್ಟಿನ ಕಾಂಪೌಂಡಿಗೆ ಬೆನ್ನು ಕೊಟ್ಟು
ನನ್ನ ಮೇಜು, ಛತ್ರಿ, ಟೈಪು ಮಿಷನ್ನು.
ಪುಟಕ್ಕೆ ಮೂವತ್ತು ರೂಪಾಯಿ.
ಸುತ್ತೂರಿನ ನೋವೆಲ್ಲ
ನನ್ನ ಬೆರಳು ದಾಟಿಯೇ ಒಳಕ್ಕೆ ಹೋಗಬೇಕು,
‘ಸದರಿ’ ಎಂದು, ‘ಮೇಲ್ಕಂಡ’ ಎಂದು,
ಎಡಕ್ಕೆ ಒಂದೂವರೆ ಇಂಚು ಜಾಗ ಬಿಟ್ಟು.

ಆಷಾಢದ ಮಂಗಳವಾರ ಬಂದಳು ಚೆಲುವಾಜಮ್ಮ,
ಪೇಟೆ ಬೀದಿಯ ಹೂವಿನವಳು.
ಬಲಗೈ ಮೊಣಕೈಯಲ್ಲಿ ಮಡಿಚಿ
ಹಾಗೇ ನಿಂತುಬಿಟ್ಟಿದೆ,
ಯಾರದೋ ಮಗುವನ್ನು ಎತ್ತಿಕೊಂಡು
ಇಳಿಸಲು ಮರೆತ ಹಾಗೆ.

ಸಂಕ್ರಾಂತಿಗೆ ಮುಂಚಿನ ವಾರ, ಹೂವಿಗೆ ಬೆಂಕಿ ಬೆಲೆ,
ಸತ್ಯಮಂಗಲದಿಂದ ಮಲ್ಲಿಗೆ ತರುವಾಗ
ದಿಂಬಂ ಘಾಟಿಯ ತಿರುವು,
ಹತ್ತೊಂಬತ್ತು ಬಾರ್ ಇಪ್ಪತ್ತೇಳು ಎಂದು ಬರೆದ ಕಲ್ಲು,
ಎದುರಿಗೆ ಕಬ್ಬಿನ ಲಾರಿ.
ಮೊಗ್ಗಿನ ಮೂಟೆಯ ಮೇಲೆ ಬಿದ್ದದ್ದಕ್ಕೆ
ಜೀವ ಉಳಿಯಿತಂತೆ.

‘ಟೆಂಪೋ ನಮ್ಮ ಕಡೇದು, ಲಾರಿ ಅವರ ಕಡೇದು,
ಬಿದ್ದ ನೆಲ ಅವರದು, ಮುರಿದ ಮೂಳೆ ನಂದು.
ಅಲ್ಲಿಗೋದ್ರೆ, ನಿಮ್ಮೂರಲ್ಲಿ ಹಾಕಮ್ಮ ಅಂದ್ರು.
ಇಲ್ಲೊಬ್ಬ ಪುಣ್ಯಾತ್ಮ, ಬಿದ್ದಲ್ಲೇ ಹಾಕ್ಬೇಕು,
ಆ ರಾಜ್ಯದಲ್ಲಿ ಮೂರು ವರ್ಸ ಟೈಮದೆ ಅಂದ.
ಪೋಲೀಸ್ ಕಾಗದ ತಮಿಳಲ್ಲಿತ್ತು ಕಣಕ್ಕ,
ಓದ್ಸನ ಅಂದ್ರೆ ಇಡ್ಲಿ ಅಂಗಡಿ ಮುರುಗೇಸ
ಊರಿಗೋದವನು ತಿಂಗಳಾದ್ರೂ ಬರ್ನಿಲ್ಲ.’

ತಿಮ್ಮರಾಜು ವಕೀಲರು
ಕ್ಯಾಲೆಂಡರಿನ ಹಾಳೆ ಹಿಂದಕ್ಕೆ ಮಗುಚಿ ಮಗುಚಿ ಹೇಳಿದರು:
ಘಾಟಿಯ ಕೆಳಗೂ ಮೇಲೂ ಒಂದೇ ಕಾನೂನು,
ಒಂದೇ ಗಡುವು, ಆರು ತಿಂಗಳು.
ವಾಸದ ಊರಲ್ಲೇ ಹಾಕಬಹುದಿತ್ತು,
ಮೊದಲ ದಿನವೇ, ಇದೇ ಗೇಟಿನಲ್ಲಿ.
ಈಗ ಒಂಬತ್ತು ದಿನ ತಡ.

ಅವಳು ನನ್ನ ಸ್ಟೂಲಿನ ಮೇಲೆ ಕೂತಳು.
‘ಕಾವೇರಿ ನೀರಿನ ಕೇಸು ನಮ್ಮ ತಾತನ ಕಾಲದ್ದು,
ಇನ್ನೂ ನಡೀತಾನೇ ಅದೆ.
ನನ್ನ ಕೈಗೆ ಮಾತ್ರ ಆರು ತಿಂಗಳಾ?’

ನಾನೇನು ಹೇಳಲಿ. ಹಾಳೆ ತುರುಕಿದೆ.
ವಿಳಂಬ ಮನ್ನಿಸುವಂತೆ ಕೋರಿ ಅರ್ಜಿ.
ಮನ್ನಿಸಲು ಕಲಂ ಉಂಟೋ ಇಲ್ಲವೋ
ವಕೀಲರಿಗೇ ಅನುಮಾನ.
‘ಅರ್ಜಿದಾರಳು ಕೊಯಮತ್ತೂರಿನಲ್ಲಿ
ಹನ್ನೊಂದು ದಿನ ಪ್ರಜ್ಞೆ ಇಲ್ಲದೆ’ ಎಂದು ಹೊಡೆಯುತ್ತಿದ್ದೆ.
‘ಆ ದಿನಗಳು ಯಾವ ಲೆಕ್ಕಕ್ಕೆ ಅಕ್ಕ?
ನಾನೇ ಇರ್ನಿಲ್ವಲ್ಲ.’

ನಷ್ಟದ ವಿವರ ಕೇಳಿದೆ.
‘ಮಾರು ಹೋಯ್ತು ಅಂತ ಹಾಕಿ.’
ಎದ್ದು ನಿಂತು ಎರಡೂ ಕೈ ಚಾಚಿದಳು.
ಎಡಗೈ ಪೂರ್ತಿ ಹೋಯಿತು,
ಬಲಗೈ ಎದೆಯ ಹತ್ತಿರವೇ ಉಳಿಯಿತು.
‘ಇಪ್ಪತ್ತಾರು ವರ್ಸ ಇದೇ ನನ್ನ ತಕ್ಕಡಿ.
ಈಗ ಅಳದ್ರೆ ಜನ ಮೋಸ ಅಂತಾರೆ.’
‘ಬಲಗೈ: ಶೇಕಡಾ ಮೂವತ್ತೆಂಟು ಶಾಶ್ವತ ನ್ಯೂನತೆ.’
ಕೀಲಿ ಎಂದಿಗಿಂತ ಜೋರಾಗಿ ಬಿತ್ತು.

ಸಂಜೆ ಒಳಗೆ ಕೌಂಟರಿನ ಶಟರು ಅರ್ಧ ಇಳಿದಿತ್ತು.
ಸ್ಕೂಟರಿನವನೊಬ್ಬ ಬಂದು ಒಂದು ಮಾರು ಕೇಳಿದ.
‘ಅಕ್ಕ, ವಸಿ ನಿಮ್ಮ ಕೈ ಕೊಡಿ.’
ಎದ್ದೆ. ಶಾಯಿ ಹತ್ತಿದ ಕೈಗಳನ್ನು
ರಸ್ತೆ ಬದಿಯಲ್ಲಿ, ನಾಚಿಕೊಂಡೇ, ಅಗಲಿಸಿದೆ.
ಈ ತುದಿಯಿಂದ ಆ ತುದಿಗೆ ತಣ್ಣಗೆ ಹರಿಯಿತು ಮಲ್ಲಿಗೆ.
ನನ್ನ ಮಾರು ಅವಳದಕ್ಕಿಂತ ಗಿಡ್ಡ, ಅವಳಿಗೆ ಗೊತ್ತಾಯಿತು.
ನನ್ನ ಬೆರಳ ತುದಿ ದಾಟಿ,
ಇನ್ನೊಂದು ಗೇಣು ದಾಟಿ,
ಬಾಳೆನಾರನ್ನು ಹಲ್ಲಲ್ಲಿ ಕಡಿದಳು.

‘ಜಾಸ್ತಿ ಆಯ್ತಲ್ಲಮ್ಮ’ ಎಂದ ಅವನು.
‘ಕೊಸರು ಕಣಪ್ಪ.
ಕೊಸರು ಹಾಕ್ದೆ ಯಾರಾದ್ರೂ ಅಳೀತಾರಾ?’